ನಾನೂ ಕ್ಯಾರವಾನ್ ಹತ್ತಿದೆ!

ಮಿತ್ರರೇ, ಮೊದಲೇ ಹೇಳಿಬಿಡುತ್ತೇನೆ. ಇದು ಯಾವ ಹೀರೋನ ಸಂದರ್ಶನವೂ ಅಲ್ಲ, ಯಾವ ನಟಿಯ ಗುಟ್ಟೂ ಇದರಲ್ಲಿಲ್ಲ. ಇದು ನನ್ನ ಕಥೆ, ನನ್ನ ಅಣ್ಣನ ಕಥೆ, ಮೂರು ದಿನಕ್ಕೆ ಬಾಡಿಗೆಗೆ ತಂದ ಒಂದು ಕ್ಯಾರವಾನಿನ ಕಥೆ.

ಕ್ಯಾರವಾನ್ ಅಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಶೂಟಿಂಗ್ ನೋಡಲು ಹೋಗಿ ತಳ್ಳಿಸಿಕೊಂಡು ಬಂದ ಪ್ರತಿಯೊಬ್ಬ ಅಭಿಮಾನಿಗೂ ಅದು ಗೊತ್ತು. ಹೀರೋ ಒಳಗೆ ಹೋದ ಕೂಡಲೇ ಬಾಗಿಲು ಮುಚ್ಚುತ್ತದೆ. ಹೊರಗೆ ನಾವು! ಐದು ನಿಮಿಷ ಅಂದವರು ಎರಡು ಗಂಟೆಯಾದರೂ ಬರುವುದಿಲ್ಲ. ನನ್ನ ಹೊಟ್ಟೆಪಾಡೇ ಅದು. ಆ ಬಾಗಿಲ ಮುಂದೆ ಕಾಯುವುದು, ಸಿಕ್ಕ ನಾಲ್ಕು ಮಾತನ್ನು ನಲವತ್ತು ಸಾಲು ಮಾಡಿ ಬರೆಯುವುದು. ಸಾಲಿಗೆ ಎಷ್ಟು ಸಿಗುತ್ತದೆ ಅಂತ ಕೇಳಬೇಡಿ, ಸಂಪಾದಕರೂ ಇದನ್ನು ಓದುತ್ತಾರೆ.

ಕಾಯುವಾಗ ಮಾತಿಗೆ ಸಿಗೋನು ಕ್ಯಾರವಾನಿನ ಡ್ರೈವರ್ ಒಬ್ಬನೇ. ಒಳಗೆ ಏಸಿ, ಮೆತ್ತನೆ ಹಾಸಿಗೆ, ಸುತ್ತ ಬಲ್ಬು ಜೋಡಿಸಿದ ಕನ್ನಡಿ. ಡ್ರೈವರ್ ಮಾತ್ರ ಗಾಡಿಯ ನೆರಳಲ್ಲಿ ಟವೆಲ್ ಹಾಸಿಕೊಂಡು ಮಲಗಿರ್ತಾನೆ. ಇದನ್ನು ನೂರು ಸಲ ನೋಡಿದ್ದೆ. ನೋಡಿದ್ದೆ ಅಷ್ಟೆ.

ಈಗ ನನ್ನ ಅಣ್ಣನ ವಿಷಯ. ಚಿಕ್ಕಬಳ್ಳಾಪುರದಲ್ಲಿ ಮನೆ. ಕೆಲಸ ಲಾರಿ. ಕೋಲಾರ, ಚಿಂತಾಮಣಿ ಮಂಡಿಗಳಿಂದ ಟೊಮೆಟೊ ತುಂಬಿಕೊಂಡು ಹೈದರಾಬಾದು, ನಾಗಪುರ, ಒಮ್ಮೊಮ್ಮೆ ದಿಲ್ಲಿ. ತಿಂಗಳಿಗೆ ಇಪ್ಪತ್ತು ದಿನ ಮನೆಯಲ್ಲಿರೋಲ್ಲ. ಲಾರಿಯ ಗಾಜಿನ ಮೇಲೆ ಶಂಕರಣ್ಣನ ಚಿತ್ರ. 'ಆಟೋ ರಾಜ' ಬಂದಿದ್ದು 1980ರಲ್ಲಿ, ಆಗ ಅಣ್ಣ ಹುಟ್ಟೇ ಇರಲಿಲ್ಲ. 1990ರಲ್ಲಿ ಶಂಕರ್ ನಾಗ್ ಹೋದಾಗ ಅವನಿಗೆ ಮೂರು ವರ್ಷ. ಆದರೇನು, ಚಕ್ರದ ಮೇಲೆ ಬದುಕೋರಿಗೆ ಶಂಕರಣ್ಣ ಇವತ್ತಿಗೂ ದೇವರೇ.

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದ್ದು ಈ ಅಣ್ಣ. ಸೆಕೆಂಡ್ ಪಿಯುಸಿ ಪರೀಕ್ಷೆ ಶುಲ್ಕಕ್ಕೆ ಅವನು ಕೊಟ್ಟ ದುಡ್ಡು ತಗೊಂಡು ನಾನು ಬೆಂಗಳೂರು ಬಸ್ ಹತ್ತಿದೆ. ಮೊದಲ ದಿನದ ಮೊದಲ ಆಟ, ಆಮೇಲೆ ಸ್ಟುಡಿಯೋ ಗೇಟು, ಆಮೇಲೆ ಇನ್ನೊಂದು ಆಟ… ಪರೀಕ್ಷೆ ಅಲ್ಲಿಗೇ ಮುಗಿಯಿತು. ವಿಷಯ ಗೊತ್ತಾದ ದಿನ ಅಣ್ಣ ನಾಲ್ಕು ಬಾರಿಸಿದ್ದರೆ ಲೆಕ್ಕ ಚುಕ್ತಾ ಆಗ್ತಿತ್ತು. ಅವನು ಬಾರಿಸಲಿಲ್ಲ. "ಸರಿ ಬಿಡು. ಊಟ ಮಾಡಿದ್ಯಾ?" ಅಂದ, ಲಾರಿ ಹತ್ತಿ ಹೋದ. ಹತ್ತು ವರ್ಷದ ಮೇಲಾಯಿತು. ಆ ಮಾತು ಇನ್ನೂ ಕಿವಿಯಲ್ಲಿದೆ.

ಹೋದ ವರ್ಷ ಅಣ್ಣನ ಮಕ್ಕಳು ಹಟ ಹಿಡಿದವು. ಟಿವಿಯಲ್ಲಿ 'ಬಾಹುಬಲಿ' ನೋಡಿ ನೋಡಿ ಮಾಹಿಷ್ಮತಿಗೇ ಹೋಗಬೇಕಂತೆ! ಅಂದರೆ ಹೈದರಾಬಾದಿನ ಆಚೆ ಇರುವ ರಾಮೋಜಿ ಫಿಲ್ಮ್ ಸಿಟಿ. 1996ರಲ್ಲಿ ಶುರುವಾದದ್ದು, 1666 ಎಕರೆ, ಜಗತ್ತಿನಲ್ಲೇ ದೊಡ್ಡ ಸ್ಟುಡಿಯೋ ಅಂತ ಗಿನ್ನೆಸ್ ಪುಸ್ತಕದಲ್ಲಿ ಹೆಸರು. ಕಟ್ಟಿದ ರಾಮೋಜಿ ರಾಯರು 2024ರಲ್ಲಿ ತೀರಿಕೊಂಡರು. ಶೂಟಿಂಗೂ ನಡೆಯುತ್ತೆ, ಟಿಕೆಟ್ ಕೊಟ್ಟವರು ಒಳಗೆ ಹೋಗಿ ಇಡೀ ದಿನ ಆಟ ಆಡಿಕೊಂಡೂ ಬರಬಹುದು. "ನಾನು ಕರ್ಕೊಂಡು ಹೋಗ್ತೀನಿ, ಎಲ್ಲಾ ಖರ್ಚು ನಂದು" ಅಂದುಬಿಟ್ಟೆ. ಅತ್ತಿಗೆ ನನ್ನ ಮುಖವನ್ನೇ ನೋಡಿದರು. ಅದರಲ್ಲಿ ನಂಬಿಕೆಗಿಂತ ಮರುಕವೇ ಜಾಸ್ತಿ ಇತ್ತು.

ಕ್ಯಾರವಾನಿನ ಹುಚ್ಚು ಹತ್ತಿದ್ದು ಆಗಲೇ. ರಾಬಿನ್ ವಿಲಿಯಮ್ಸ್ ನಟಿಸಿದ 'ಆರ್‌ವಿ' ಅಂತ 2006ರ ಒಂದು ಇಂಗ್ಲಿಷ್ ಚಿತ್ರವಿದೆ. ಹೆಂಡತಿ ಮಕ್ಕಳನ್ನು ಬಾಡಿಗೆ ಮನೆಗಾಡಿಯಲ್ಲಿ ತುಂಬಿಕೊಂಡು ಅಪ್ಪ ಪ್ರವಾಸ ಹೊರಡುತ್ತಾನೆ. ಅಮೆರಿಕಾದಲ್ಲಿ ಇದು ಮಾಮೂಲು. ಫ್ಲಾರಿಡಾದ ಡಿಸ್ನಿ ವರ್ಲ್ಡ್ ಶುರುವಾದದ್ದು 1971ರಲ್ಲಿ. ಅದೇ ವರ್ಷ ಅದರ ಆವರಣದಲ್ಲೇ ಫೋರ್ಟ್ ವೈಲ್ಡರ್‌ನೆಸ್ ಅಂತ ಇಂಥ ಗಾಡಿ ನಿಲ್ಲಿಸೋಕೆಂದೇ ಕಾಡಿನ ನಡುವೆ ಜಾಗ ಮಾಡಿಕೊಟ್ಟರು. ಗಾಡಿ ನಿಲ್ಲಿಸಿ ಕರೆಂಟಿನ ವೈರು, ನೀರಿನ ಪೈಪು ಸಿಕ್ಕಿಸಿಕೊಂಡರೆ ಮುಗಿಯಿತು, ನಿಮ್ಮ ಮನೆ ರೆಡಿ! ಹೋಟೆಲಿನ ಬಾಡಿಗೆ ಉಳಿಯಿತು, ಅಡುಗೆಯೂ ನಿಮ್ಮದೇ. ಇದನ್ನೆಲ್ಲ ಓದಿ ನಾನು ಕುಣಿದಾಡಿದೆ. ಲಾಡ್ಜ್ ಖರ್ಚಿಲ್ಲ, ರೈಲಿನ ರಗಳೆಯಿಲ್ಲ, ಮಿಗಿಲಾಗಿ ಹೀರೋಗಳ ಹಾಗೆ ಕ್ಯಾರವಾನಿನಲ್ಲಿ!

ಬೆಂಗಳೂರಿನಲ್ಲಿ ಇಂಥ ಗಾಡಿ ಬಾಡಿಗೆಗೆ ಕೊಡೋರು ಇದ್ದಾರೆ. ಅಣ್ಣನಿಗೆ ಫೋನ್ ಮಾಡಿ "ಕ್ಯಾಂಪರ್ ಬುಕ್ ಮಾಡಿದೀನಿ ಕಣಣ್ಣ" ಅಂದರೆ, "ಬೊಲೆರೋ ಕ್ಯಾಂಪರಾ? ಅದ್ರಲ್ಲಿ ಕ್ರೇಟ್ ತುಂಬ್ತಾರೆ ಕಣೋ, ಮಕ್ಕಳನ್ನ ಹಿಂದೆ ಕೂರಿಸ್ತೀಯಾ?" ಅಂದ. ನಕ್ಕು ನಕ್ಕು ಸಾಕಾಯಿತು.

ಲೆಕ್ಕ ಇಲ್ಲೇ ಹೇಳಿ ಮುಗಿಸುತ್ತೇನೆ, ನಿಮ್ಮಲ್ಲಿ ಯಾರಾದರೂ ನನ್ನ ಹಾಗೆ ಕುಣಿಯುತ್ತಿದ್ದರೆ ಕೆಲಸಕ್ಕೆ ಬರುತ್ತದೆ. ದಿನಕ್ಕೆ 5,500 ರೂಪಾಯಿ, ಮೂರು ದಿನಕ್ಕೆ 16,500. ಒಂದು ದಿನಕ್ಕೆ 300 ಕಿಲೋಮೀಟರ್ ಮಾತ್ರ, ಮೇಲಾದರೆ ಕಿಲೋಮೀಟರಿಗೆ 15 ರೂಪಾಯಿ. ಈ ಸಣ್ಣಕ್ಷರ ನಾನು ಓದಿರಲಿಲ್ಲ. ಹೋಗಿ ಬರೋದು 1,260 ಕಿಲೋಮೀಟರ್ ಆಯಿತು, ಅಲ್ಲಿಗೆ ಇನ್ನೊಂದು 5,400. ಡೀಸೆಲ್ 11,500ರ ಹತ್ತಿರ. ಗಾಡಿ ವಾಪಸ್ ಕೊಟ್ಟಾಗ ಕ್ಲೀನಿಂಗ್ ಅಂತ ಡಿಪಾಸಿಟ್ಟಿನಲ್ಲಿ ಸಾವಿರ ಹಿಡಿದುಕೊಂಡರು. ಟೋಲು ಬೇರೆ, ಫಿಲ್ಮ್ ಸಿಟಿ ಟಿಕೆಟ್ ಬೇರೆ. ಕಾಚಿಗುಡ ರೈಲಿನ ಸ್ಲೀಪರಿನಲ್ಲಿ ಐದೂ ಜನ ಹೋಗಿಬಂದಿದ್ದರೆ ಡೀಸೆಲ್ ದುಡ್ಡಿನ ಅರ್ಧವೂ ಆಗುತ್ತಿರಲಿಲ್ಲ. ಹೋಟೆಲ್ ದುಬಾರಿ ಇರೋ ಕಡೆ ಗಾಡಿಯಲ್ಲಿ ಮಲಗಿದರೆ ದುಡ್ಡು ಉಳಿಯುತ್ತೆ. ಸಾವಿರ, ಸಾವಿರದೈನೂರಕ್ಕೆ ರೂಮು ಸಿಗೋ ನಮ್ಮ ಕಡೆ ಉಳಿಯೋದು ಬೆನ್ನುನೋವು! ಎಂಟು ತಿಂಗಳು ಕೂಡಿಟ್ಟ ದುಡ್ಡು ಕರಗಿತು.

ದಸರಾ ರಜೆ. ಬೆಳಗಿನ ಜಾವ ನಾಲ್ಕಕ್ಕೆ ಚಿಕ್ಕಬಳ್ಳಾಪುರ ಬಿಟ್ಟೆವು. ಸ್ಟೀರಿಂಗ್ ಯಾರ ಕೈಯಲ್ಲಿ? ಇನ್ಯಾರು, ಅಣ್ಣನ ಕೈಯಲ್ಲೇ. ನನಗೆ ಲೈಸೆನ್ಸ್ ಇದೆ, ಅದು ತೋರಿಸೋಕೆ ಮಾತ್ರ. ಮಕ್ಕಳು ಹಿಂದಿನ ಹಾಸಿಗೆ ಮೇಲೆ ಕುಣಿದಾಡಿದವು. ಅತ್ತಿಗೆ ಒಲೆ ಹಚ್ಚಿ ನೋಡಿದರು, ಸಿಂಕಿನ ನಲ್ಲಿ ತಿರುಗಿಸಿ ನೋಡಿದರು, ಪಕ್ಕದ ಸಣ್ಣ ಬಾಗಿಲು ತೆಗೆದವರು ದಡಾರನೆ ಮುಚ್ಚಿದರು. "ಅಡುಗೆ ಮಾಡೋ ಜಾಗದ ಪಕ್ಕದಲ್ಲೇ ಕಕ್ಕಸ್ಸಾ! ನಾನಂತೂ ಹೋಗಲ್ಲಪ್ಪ." "ಹೋದ್ರೆ ಆ ಡಬ್ಬ ಖಾಲಿ ಮಾಡೋರು ಯಾರು?" ಅಂತ ಅಣ್ಣ ಮುಂದಿನಿಂದಲೇ ಕೇಳಿದ. ಮೂರು ದಿನವೂ ಆ ಬಾಗಿಲು ಮತ್ತೆ ತೆರೆಯಲಿಲ್ಲ.

ಬಾಗೇಪಲ್ಲಿ, ಪೆನುಗೊಂಡ, ಅನಂತಪುರ. ಗುತ್ತಿಯ ಬೆಟ್ಟದ ಕೋಟೆ. ದಾರಿಯುದ್ದಕ್ಕೂ ಅಣ್ಣನಿಗೆ ಎಲ್ಲ ಗೊತ್ತು. ಯಾವ ಢಾಬಾದಲ್ಲಿ ಚಹಾ ಚೆನ್ನಾಗಿರುತ್ತೆ, ಯಾವ ಬಂಕಿನಲ್ಲಿ ಸ್ನಾನಕ್ಕೆ ನೀರು ಬಿಡ್ತಾರೆ, ಎಲ್ಲಿ ಟಾರ್ಪಾಲಿನ್ ಹರಿದು ಮಾಲು ಕದೀತಾರೆ. ಕರ್ನೂಲು ದಾಟುವಾಗ ಸೇತುವೆ ಕೆಳಗೆ ತುಂಗಭದ್ರೆ. "ನಮ್ಮ ನೀರು" ಅಂದ. ಆಚೆ ದಡ ತೆಲಂಗಾಣ. ಗಂಡನ ಕೆಲಸದ ದಾರಿಯನ್ನು ಅತ್ತಿಗೆ ಮೊದಲ ಸಲ ನೋಡುತ್ತಿದ್ದರು. ಮದುವೆಯಾಗಿ ಹನ್ನೆರಡು ವರ್ಷ ಆಗಿತ್ತು. ಒಂದು ಢಾಬಾದ ಮುಂದೆ ಹಗ್ಗದ ಮಂಚಗಳನ್ನು ಸಾಲಾಗಿ ಹಾಕಿದ್ದರು. "ಇಲ್ಲೇನಾ ನೀವು ಮಲಗೋದು?" ಅಂತ ಕೇಳಿದರು. ಅಣ್ಣ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಗೇರ್ ಬದಲಾಯಿಸಿದ.

ರಿಂಗ್ ರೋಡು ಸುತ್ತಿ ವಿಜಯವಾಡದ ಹೆದ್ದಾರಿಗೆ ಸೇರುವಾಗ ಸಂಜೆಯಾಗಿತ್ತು. ಇಲ್ಲಿ ಡಿಸ್ನಿಯವರ ಹಾಗೆ ಕಾಡೂ ಇಲ್ಲ, ಕರೆಂಟಿನ ಕಂಬವೂ ಇಲ್ಲ. ಅಣ್ಣ ಒಂದು ಬಂಕಿನವರನ್ನು ತೆಲುಗಿನಲ್ಲಿ ಕೇಳಿಕೊಂಡು ಲಾರಿಗಳ ಮಧ್ಯೆ ಜಾಗ ಮಾಡಿದ. ಇಂಜಿನ್ ಆರಿಸಿದ ಮೇಲೆ ಏಸಿ ಇಲ್ಲ, ಬ್ಯಾಟರಿಯಲ್ಲಿ ಓಡೋದು ಒಂದು ಪುಟ್ಟ ಫ್ಯಾನು. ಸೆಕೆ, ಸೊಳ್ಳೆ, ಡೀಸೆಲ್ ವಾಸನೆ. ಅತ್ತಿಗೆ, ಮಗಳು ಹಿಂದಿನ ಹಾಸಿಗೆಯಲ್ಲಿ. ಮಡಚೋ ಸೀಟಿನ ಮೇಲೆ ನಾನು, ಹುಡುಗ. ಮಲಗೋಕೆ ಜಾಗ ಇದ್ದದ್ದು ನಾಲ್ಕು ಜನಕ್ಕೆ. ಐದನೆಯವನು ಎಲ್ಲಿ ಅಂತ ನಾನು ಕೇಳಲೇ ಇಲ್ಲ. ಅಣ್ಣ ತಾನಾಗೇ ಮುಂದೆ ಹೋಗಿ ಡ್ರೈವರ್ ಸೀಟು ಹಿಂದಕ್ಕೆ ಒರಗಿಸಿ, ಕಾಲೆರಡನ್ನೂ ಡ್ಯಾಶ್‌ಬೋರ್ಡ್ ಮೇಲೆ ಚಾಚಿ, ಮುಖಕ್ಕೆ ಟವೆಲ್ ಮುಚ್ಚಿಕೊಂಡ.

ನಡುರಾತ್ರಿ ಎಚ್ಚರವಾಯಿತು. ಸೀಟು ಖಾಲಿ. ಕೆಳಗಿಳಿದು ನೋಡಿದರೆ ಅಣ್ಣ ಟಾರ್ಚ್ ಹಿಡಿದು ಗಾಡಿಯ ಸುತ್ತ ನಡೆಯುತ್ತಿದ್ದ, ಚಕ್ರಗಳನ್ನು ಒದ್ದು ನೋಡುತ್ತಿದ್ದ.

"ನಿದ್ದೆ ಬರ್ಲಿಲ್ವಾ ಅಣ್ಣ?"

"ಗಾಡೀಲಿ ನಾನು ಯಾವತ್ತು ನಿದ್ದೆ ಮಾಡಿದೀನೋ? ಕಣ್ಣು ಮುಚ್ಚಿರ್ತೀನಿ ಅಷ್ಟೆ. ಕಿವಿ ತೆರೆದೇ ಇರುತ್ತೆ. ಡೀಸೆಲ್ ಕದಿಯೋರು, ಬ್ಯಾಟರಿ ಕದಿಯೋರು…"

ಬಂಕಿನ ಕಟ್ಟೆ ಮೇಲೆ ಕೂತೆವು. ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ. "ಟೂರು ಅಂದಾಗ ನಂಗೊಂದು ಆಸೆ ಇತ್ತು ಕಣೋ. ಹೇಳಿದ್ರೆ ನಗ್ತೀಯ. ಲಾಡ್ಜಲ್ಲಿ ಒಂದ್ ರಾತ್ರಿ. ಬಾಗಿಲು ಹಾಕಿ, ಚಿಲಕ ಹಾಕ್ಕೊಂಡು, ಯಾರೂ ಎಬ್ಬಿಸದ ಹಾಗೆ. ಹದಿನೆಂಟು ವರ್ಷ ಆಯ್ತು ಸ್ಟೀರಿಂಗ್ ಹಿಡಿದು. ಒಂದಿನಾನೂ ಲಾಡ್ಜಲ್ಲಿ ಮಲಗಿಲ್ಲ."

ನಗಲಿಲ್ಲ. ಏನು ಹೇಳಲಿ? ಹೀರೋಗಳ ಬಾಗಿಲು ಕಾಯುತ್ತ ಕಾಯುತ್ತ ನನಗೆ ಗಾಡಿಯಲ್ಲಿ ಮಲಗೋದೇ ಸುಖ ಅನ್ನಿಸಿಬಿಟ್ಟಿತ್ತು. ಮೂವತ್ತು ಸಾವಿರದ ಮೇಲೆ ಖರ್ಚು ಮಾಡಿ ಅಣ್ಣನಿಗೆ ನಾನು ತಂದುಕೊಟ್ಟದ್ದು ಅವನ ಮಾಮೂಲು ಡ್ಯೂಟಿ! ಅದೇ ದಾರಿ, ಅದೇ ಬಂಕು, ಅದೇ ಸೀಟು. "ಮೊದಲೇ ಹೇಳ್ಬಾರ್ದಿತ್ತಾ?" ಅಂದೆ. "ಎಷ್ಟು ಆಸೆಪಟ್ಟು ತಂದಿದ್ದೆ ನೀನು" ಅಂದ.

ಮಾರನೆಯ ದಿನ ಫಿಲ್ಮ್ ಸಿಟಿ. ನಮ್ಮ ಗಾಡಿ ಹೊರಗೇ ನಿಲ್ಲಬೇಕು, ಒಳಗೆ ಅವರದೇ ಬಸ್ಸು. ಕೆಂಪು ಬಸ್ಸಿನಲ್ಲಿ ಅಣ್ಣ ಕಿಟಕಿ ಪಕ್ಕ ಕೂತ. ಬೇರೆಯವರು ಓಡಿಸೋ ಗಾಡಿಯಲ್ಲಿ ಅವನು ಹಾಗೆ ಆರಾಮಾಗಿ ಕೂತದ್ದನ್ನು ನಾನು ನೋಡಿದ್ದು ಕಡಿಮೆ. ರೈಲು ಬಾರದ ರೈಲ್ವೆ ಸ್ಟೇಷನ್, ವಿಮಾನ ಏರದ ವಿಮಾನ ನಿಲ್ದಾಣ. ಮಾಹಿಷ್ಮತಿಯ ಮುಂದೆ ಮಕ್ಕಳು ಕತ್ತಿ ಬೀಸೋ ಭಂಗಿಯಲ್ಲಿ ಫೋಟೋ ಹಿಡಿಸಿಕೊಂಡವು. ಅಣ್ಣ ಒಂದು ಕಂಬವನ್ನು ಬೆರಳಿನಿಂದ ತಟ್ಟಿ ನೋಡಿ "ಟೊಳ್ಳು!" ಅಂತ ಖುಷಿಪಟ್ಟ.

ಆಮೇಲೆ ಸಿನಿಮಾ ಹೇಗೆ ಮಾಡ್ತಾರೆ ಅಂತ ತೋರಿಸೋ ಕಡೆ ಹೋದೆವು. 'ಶೋಲೆ'ಯ ಬಸಂತಿ ಟಾಂಗಾ ದೃಶ್ಯ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಚಿತ್ರ, 1975ರದ್ದು. ನೋಡಲು ಬಂದವರಲ್ಲೇ ಒಬ್ಬ ಹೆಂಗಸನ್ನು ಬಸಂತಿ ಮಾಡ್ತಾರೆ. ಆವತ್ತು ಕೈ ತೋರಿಸಿದ್ದು ಯಾರನ್ನು ಅಂತೀರಾ? ನಮ್ಮ ಅತ್ತಿಗೆಯನ್ನು! ಬೇಡ ಬೇಡ ಅನ್ನುತ್ತಲೇ ಸೆರಗು ಸಿಕ್ಕಿಸಿಕೊಂಡು ಹತ್ತಿದರು. ಕುದುರೆಯಿಲ್ಲ, ಚಕ್ರ ಉರುಳೋಲ್ಲ, ಗಾಡಿಯನ್ನು ಅಲ್ಲಾಡಿಸ್ತಾರೆ ಅಷ್ಟೆ. ಅತ್ತಿಗೆ ಚಾಟಿ ಬೀಸಿದ್ದೇ ಬೀಸಿದ್ದು! ಆಮೇಲೆ ಶಬ್ದ ಕೂಡಿಸಿ, ಹಿನ್ನೆಲೆ ಕೂಡಿಸಿ ಪರದೆ ಮೇಲೆ ತೋರಿಸಿದರೆ ಟಾಂಗಾ ಧೂಳೆಬ್ಬಿಸಿಕೊಂಡು ಓಡುತ್ತಿದೆ! ಮಕ್ಕಳು ಸೀಟಿನ ಮೇಲೆ ನಿಂತು ಕಿರುಚಿದವು. ನಾನು ಶಿಳ್ಳೆ ಹಾಕಿದೆ. ಅಣ್ಣ ಮಾತ್ರ ಅತ್ತಿಗೆಯ ಕಡೆ ಬಾಗಿ, "ನಿಂದೇ ಲಕ್ಕು. ನಿಂತಲ್ಲೇ ಊರು ಮುಟ್ಟಿದೆ" ಅಂದ. ಅವರಿಬ್ಬರು ಹಾಗೆ ನಕ್ಕಿದ್ದನ್ನು ನಾನು ಮನೆಯಲ್ಲಿ ನೋಡಿಲ್ಲ.

ಕತ್ತಲಾಗಿ ಹೊರಗೆ ಬಂದಾಗ ಅಣ್ಣ ಬಂಕಿನ ಕಡೆ ತಿರುಗಿಸಲು ಹೋದ. "ಎಡಕ್ಕೆ ಹಾಕಣ್ಣ" ಅಂದೆ. ಹಯಾತ್‌ನಗರದ ಹತ್ತಿರ ಒಂದು ಸಾಧಾರಣ ಲಾಡ್ಜು. ವಾಪಸ್ ಬರೋ ಡೀಸೆಲ್‌ಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ 1,400 ಎಣಿಸಿ ಕೊಟ್ಟೆ. ಅಣ್ಣ ಬೇಡವೇ ಬೇಡ ಅಂದ, ನಾನು ಕೇಳಲಿಲ್ಲ. ಅತ್ತಿಗೆ ಏನೂ ಮಾತಾಡದೆ ಬ್ಯಾಗ್ ತೆಗೆದುಕೊಂಡು ಮೆಟ್ಟಿಲು ಹತ್ತಿದರು. ಮಕ್ಕಳೂ ನಾನೂ ಕೆಳಗೆ ಗಾಡಿಯಲ್ಲಿ. ಆ ರಾತ್ರಿ ಡ್ರೈವರ್ ಸೀಟಿನಲ್ಲಿ ಮಲಗಿದ್ದು ನಾನು. ಮಲಗಿದ್ದು ಅನ್ನೋದು ಸುಳ್ಳು. ಸ್ಟೀರಿಂಗ್ ಮೊಣಕಾಲಿಗೆ ಒತ್ತುತ್ತೆ, ಕತ್ತು ನಿಲ್ಲೋಲ್ಲ, ಯಾರೋ ಪಕ್ಕದಲ್ಲಿ ನಡೆದುಹೋದರೆ ಎದೆ ಧಸಕ್ ಅನ್ನುತ್ತೆ. ಎರಡು ಸಲ ಎದ್ದು ಚಕ್ರ ನೋಡಿ ಬಂದೆ.

ನಾಲ್ಕಕ್ಕೆ ಏಳೋ ಅಣ್ಣ ಏಳಾದರೂ ಬರಲಿಲ್ಲ. ಎಂಟಾಯಿತು. ಎಂಟೂವರೆಗೆ ರೂಮ್ ಬಾಯ್ ಪೊರಕೆ ಹಿಡಿದು ಮೇಲೆ ಹೊರಟ. ಹಿಂದೆಯೇ ಓಡಿ ಅವನ ಕೈಗೆ ಇಪ್ಪತ್ತು ರೂಪಾಯಿ ಇಟ್ಟು, ಆ ಬಾಗಿಲು ತಟ್ಟಬೇಡ ಮಾರಾಯ ಅಂತ ಕೈಸನ್ನೆ ಮಾಡಿದೆ. ಮೆಟ್ಟಿಲ ಮೇಲೇ ಕೂತೆ. ಮಗ್ಗುಲಲ್ಲಿ ಹುಡುಗ ಬಂದು ಕೂತ.

"ಚಿಕ್ಕಪ್ಪ, ಅಪ್ಪನ್ನ ಕೂಗ್ಲಾ?"

"ಶ್! ಮೆಲ್ಲಗೆ ಮಾತಾಡೋ."

ಒಂಬತ್ತೂ ನಲವತ್ತಕ್ಕೆ ಒಳಗಡೆ ಚಿಲಕ ತೆಗೆದ ಸದ್ದಾಯಿತು. ಕಣ್ಣು ಊದಿಕೊಂಡು, ಕೂದಲು ಕೆದರಿಕೊಂಡು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅಣ್ಣ ಬಾಗಿಲಲ್ಲಿ ನಿಂತಿದ್ದ.

"ಏನೋ, ಯಾಕೋ ಇಲ್ಲಿ ಕೂತಿದ್ದೀಯ?" ಅಂದ. "ತಿಂಡಿ ಮಾಡಿದ್ಯಾ?"