ಬೋರ್ಡಿನ ಬಣ್ಣ

"ಚೆನ್ನಾಗಿ ಬರೆದಿದ್ದಾರೆ, ಆದರೆ ಸಿನಿಮಾ ಬೋರ್ಡಿನ ಹಾಗಿದೆ."

ಅರಸೀಕೆರೆಯ ಗೆಳೆಯರೊಬ್ಬರ ನಡುಮನೆಯಲ್ಲಿ ತೂಗುಹಾಕಿದ ತೈಲಚಿತ್ರವನ್ನು ನೋಡಿ, ಮನೆಗೆ ಬಂದಿದ್ದವರೊಬ್ಬರು ಆಡಿದ ಮಾತಿದು. ಅವರು ಕಾಫಿ ಕುಡಿದು ಎದ್ದು ಹೋದರು. ನನಗೆ ಮಾತ್ರ ಆ ಮಾತು ಇನ್ನೂ ಚುಚ್ಚುತ್ತಿದೆ.

ಚಿತ್ರ ಹೆಚ್ಚುಕಡಿಮೆ ಒಂದಾಳೆತ್ತರ ಇದೆ. 1964ರ 'ಅಮರಶಿಲ್ಪಿ ಜಕಣಾಚಾರಿ' ಸಿನಿಮಾದ ಗುಂಗಿನಲ್ಲಿ ಬರೆದದ್ದೆಂದು ನೋಡಿದೊಡನೆ ತಿಳಿಯುತ್ತದೆ. ಬೇಲೂರಿನ ಕಂಬವೊಂದಕ್ಕೆ ಒರಗಿ ನಿಂತ ನರ್ತಕಿ, ಕಣ್ಣು ಬಿ. ಸರೋಜಾದೇವಿಯವರದು, ನಿಲುವು ಮದನಿಕೆಯದು. ಕೆಳಗಿನ ಮೂಲೆಯಲ್ಲಿ ಉಳಿ ಹಿಡಿದ ಒಂದು ಕೈ, ಅಷ್ಟೆ. ಹತ್ತಿರ ಹೋದರೆ ಅವಳ ಒಂದು ಕೆನ್ನೆಗೆ ಕುಂಕುಮದ ಕೆಂಪು, ಇನ್ನೊಂದಕ್ಕೆ ನವಿಲುನೀಲಿ. ಎರಡೂ ಸೇರುವಲ್ಲಿ ಬ್ರಷ್ಷಿನ ಗೀರನ್ನು ತೀಡದೆ ಹಾಗೇ ಬಿಟ್ಟಿದ್ದಾರೆ. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ: ನೀಲಿ ನೆರಳಾಗಿ, ಕೆಂಪು ಬೆಳಕಾಗಿ, ಮುಖ ದುಂಡಗೆ ಎದ್ದು ಬರುತ್ತದೆ. ಇದು ಬೋರ್ಡ್ ಆರ್ಟಿಸ್ಟ್‌ಗಳ ಕೈಯ ವಿದ್ಯೆಯೇ. ಬಂದವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಅದನ್ನೊಂದು ಕುಂದು ಎನ್ನುವಂತೆ ಹೇಳಿದರಲ್ಲ, ನನ್ನ ತಕರಾರು ಅದಕ್ಕೆ.

ಟಾಕೀಸಿನ ಹಿತ್ತಲಲ್ಲಿ ಬೋರ್ಡ್ ಬರೆಯುವುದನ್ನು ಕಂಡವರಿಗೆ ಆ ಕೆಲಸದ ಕಷ್ಟ ಗೊತ್ತು. ಮರದ ಚೌಕಟ್ಟಿಗೆ ಒರಟು ಬಟ್ಟೆ ಬಿಗಿದು, ಅಂಟು ಬೆರೆಸಿದ ಬಿಳಿಯನ್ನು ಬಳಿದು ಒಣಗಿಸಬೇಕು. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಬೇಕು. ಅಂಗೈಯಗಲದ ಫೋಟೋ ಮೇಲೆ ಚೌಕ ಎಳೆದು, ಬಟ್ಟೆಯ ಮೇಲೂ ಅಷ್ಟೇ ಚೌಕ ಎಳೆದು, ಒಂದೊಂದು ಮನೆಯನ್ನೂ ದೊಡ್ಡದು ಮಾಡುತ್ತಾ ಹೋಗಬೇಕು. ಏಣಿಯ ಮೇಲೆ ನಿಂತವರಿಗೆ ಕಾಣುವುದು ಒಂದು ಹುಬ್ಬು, ಇಲ್ಲವೇ ಮೂಗಿನ ಒಂದು ಹೊಳ್ಳೆ. ಇಡೀ ಮುಖ ಕಾಣುವುದು ರಸ್ತೆಯಾಚೆ ಕೊಬ್ಬರಿ ಮೂಟೆ ಇಳಿಸುವವರಿಗೆ. ಶುಕ್ರವಾರ ಸಿನಿಮಾ ಬದಲಾಗುವ ಹೊತ್ತಿಗೆ ಎಲ್ಲ ಮುಗಿದಿರಬೇಕು. ಇಷ್ಟರ ನಡುವೆಯೂ ರಾಜ್‌ಕುಮಾರ್ ರಾಜ್‌ಕುಮಾರರ ಹಾಗೆಯೇ ಕಾಣಬೇಕು; ಇಲ್ಲವಾದರೆ ಊರು ಬಿಡುತ್ತಿತ್ತೇ?

ಇಲ್ಲಿ ಒಂದು ಸಂಗತಿಯನ್ನು ನಾವು ಯೋಚಿಸುವುದೇ ಇಲ್ಲ. ಆ ಕಾಲದ ಸಿನಿಮಾ ಕಪ್ಪುಬಿಳುಪು, ಬರೆಯುವವರ ಕೈಗೆ ಬರುತ್ತಿದ್ದ ಫೋಟೋ ಕಪ್ಪುಬಿಳುಪು, ಬೋರ್ಡ್ ಮಾತ್ರ ಬಣ್ಣದ್ದು! ಆ ಬಣ್ಣವನ್ನು ಕೊಟ್ಟವರು ಯಾರು? ನಿರ್ದೇಶಕರಲ್ಲ, ಕ್ಯಾಮೆರಾದವರಲ್ಲ. ಹುಣಸೂರು ಕೃಷ್ಣಮೂರ್ತಿಯವರ 'ಸತ್ಯ ಹರಿಶ್ಚಂದ್ರ' 1965ರಲ್ಲಿ ಕಪ್ಪುಬಿಳುಪಿನಲ್ಲೇ ತೆರೆಗೆ ಬಂತು. ಅದಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ 2008ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಎಲ್ಲರೂ ಬೆರಗಾದೆವು, ಪತ್ರಿಕೆಗಳು ಕೊಂಡಾಡಿದವು. ಆದರೆ ಆ ಸಿನಿಮಾಕ್ಕೆ ನಲವತ್ತು ವರ್ಷ ಮೊದಲೇ, ಒಂದೊಂದು ಊರಿನ ಟಾಕೀಸಿನೆದುರೂ ಯಾರೋ ಒಬ್ಬರು ಎಣ್ಣೆಬಣ್ಣದಲ್ಲಿ ಬಣ್ಣ ತುಂಬಿದ್ದರು. ಹಾಸನದ ಹರಿಶ್ಚಂದ್ರನ ಉತ್ತರೀಯ ಒಂದು ಬಣ್ಣ, ಅರಸೀಕೆರೆಯವನದು ಇನ್ನೊಂದು. ಒಳಗೆ ಕೂತು ಬೂದುಬಣ್ಣದ ಸಿನಿಮಾ ನೋಡುವಾಗಲೂ ನಮ್ಮ ಕಣ್ಣಲ್ಲಿ ಹೊರಗಿನ ಬೋರ್ಡಿನ ಬಣ್ಣವೇ ಇರುತ್ತಿತ್ತು. ಬಿ.ಎಸ್. ರಂಗಾ ಅವರ 'ಅಮರಶಿಲ್ಪಿ ಜಕಣಾಚಾರಿ' ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಎಂದು ಓದುತ್ತೇವೆ. ಅದು ಸರಿ. ಆದರೆ ಅದಕ್ಕೂ ಮೊದಲೇ ನಾವು ಕನ್ನಡ ಸಿನಿಮಾವನ್ನು ಬಣ್ಣದಲ್ಲಿ ಕಂಡಿದ್ದೆವು, ಬೀದಿಯಲ್ಲಿ ನಿಂತು, ಬಿಟ್ಟಿಯಾಗಿ.

ಎಂ.ಎಫ್. ಹುಸೇನ್ ಮುಂಬಯಿಯಲ್ಲಿ ಸಿನಿಮಾ ಬೋರ್ಡ್ ಬರೆದೇ ಹೊಟ್ಟೆ ಹೊರೆದವರು. ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರು ಅದೇ ಮುಂಬಯಿಯಲ್ಲಿ ಹಾಲಿವುಡ್ ಸಿನಿಮಾಗಳಿಗೆ ಷೋಕಾರ್ಡ್ ಬರೆದರು, 'ಫಿಲ್ಮ್ ಇಂಡಿಯಾ' ಪತ್ರಿಕೆಯ ಮುಖಪುಟ ಬರೆದರು. ದೇವಾನುದೇವತೆಗಳನ್ನೂ ಅದೇ ಕೈಯಿಂದ ಬರೆದರು. ಅವರ ರಾಧೆಯನ್ನೋ ವಿಶ್ವಾಮಿತ್ರನನ್ನೋ ನೋಡಿ 'ಸಿನಿಮಾ ಬೋರ್ಡಿನ ಹಾಗಿದೆ' ಎಂದು ಮೂಗು ಮುರಿಯುವವರು, ಆ ಮುಖದ ಮೇಲೆ ಬಿದ್ದ ಬೆಳಕು ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿಕೊಳ್ಳಲಿ.

'ಬೇಲೂರಿನ ಶಿಲ್ಪಕ್ಕೂ ಸಿನಿಮಾ ಮುಖಕ್ಕೂ ಎಲ್ಲಿಯ ಸಂಬಂಧ?' ಎಂದು ಕೇಳಬಹುದು. ಸ್ವಾಮಿ, ಬೇಲೂರಿಗೆ ಹೋಗಿ ಮದನಿಕೆಯರ ಮುಖಗಳನ್ನು ಸಾಲಾಗಿ ನೋಡಿ ಬನ್ನಿ. ಎಲ್ಲರೂ ಒಂದೇ ಮನೆಯ ಅಕ್ಕತಂಗಿಯರ ಹಾಗಿಲ್ಲವೇ? ಆ ಶಿಲ್ಪಿಗಳೂ ತಮಗೆ ಒಪ್ಪಿದ ಒಂದು ಮುಖವನ್ನು ಹಿಡಿದು ಮತ್ತೆ ಮತ್ತೆ ಕಡೆದವರು. ಅವರದೂ ಗಡುವಿಟ್ಟ ಕೆಲಸ, ಜನ ಕತ್ತೆತ್ತಿ ನೋಡಲೆಂದು ಎತ್ತರದಲ್ಲಿ ಕೂರಿಸುವ ಕೆಲಸ. ಇನ್ನು ಜಕಣಾಚಾರಿ. ಬೇಲೂರಿನ ಶಾಸನಗಳಲ್ಲಿ ಆ ಹೆಸರಿಲ್ಲ. ಅಲ್ಲಿರುವುದು ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರು. ಆದರೂ ಕಪ್ಪೆ ಚೆನ್ನಿಗರಾಯನೆದುರು ನಿಂತ ಪ್ರವಾಸಿಗೆ ಗೈಡ್ ಹೇಳುವುದು ಕಲ್ಲೊಳಗಿನ ಕಪ್ಪೆಯ ಕಥೆ, ಮಗ ಡಂಕಣ ತಪ್ಪು ತೋರಿಸಿದ ಕಥೆ, ಅಪ್ಪ ಕೈ ಕಡಿದುಕೊಂಡ ಕಥೆ. ಕೇಳುವವರ ಕಣ್ಣಿಗೆ ಕಟ್ಟುವುದು ಕಲ್ಯಾಣ್‌ಕುಮಾರ್ ಮುಖ. ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಮುಖವಿಲ್ಲದ ಹೆಸರಿಗೆ ಸಿನಿಮಾ ಒಂದು ಮುಖ ಕೊಟ್ಟಿತು.

ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲೇ ಜಾವಗಲ್ ಸಿಗುತ್ತದೆ. ಅಲ್ಲಿನ ಲಕ್ಷ್ಮೀನರಸಿಂಹ ಗುಡಿಯಲ್ಲಿ ಕೆಲಸ ಮಾಡಿದ ಮಲ್ಲಿತಮ್ಮ, 1196ರ ಅಮೃತಾಪುರದಿಂದ ಸೋಮನಾಥಪುರದವರೆಗೆ ಅರವತ್ತು ವರ್ಷಕ್ಕೂ ಮೀರಿ ಉಳಿ ಹಿಡಿದವನು. ವಿಗ್ರಹದ ಪೀಠದಲ್ಲಿ ತನ್ನ ಹೆಸರು ಕೊರೆಯುತ್ತಿದ್ದ. ಕೆಲವೆಡೆ 'ಮಲ್ಲಿ' ಎಂದಷ್ಟೇ, ಕೆಲವೆಡೆ ಬರೀ 'ಮ'. ಬೋರ್ಡಿನ ಕೆಳಮೂಲೆಯಲ್ಲಿ ಓರೆಯಾಗಿ ಬರೆದಿರುತ್ತಿದ್ದ 'ಆರ್ಟ್ಸ್' ಎಂಬ ಸಹಿಯೂ ಇಂಥದೇ. ಮಲ್ಲಿತಮ್ಮನ 'ಮ' ಕಲ್ಲಿನಲ್ಲಿತ್ತು, ಉಳಿಯಿತು. ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ನಮಗೆಲ್ಲ ಹೆಮ್ಮೆಯಾಯಿತು. ಬೋರ್ಡಿನ ಸಹಿ ಇದ್ದದ್ದು ಬಟ್ಟೆಯ ಮೇಲೆ. ಮುಂದಿನ ಸಿನಿಮಾಕ್ಕಾಗಿ ಅದೇ ಬಟ್ಟೆಗೆ ಬಿಳಿ ಬಳಿದರು. ಹರಿದ ಮೇಲೆ ಗಾಡಿಗೆ ಹೊದಿಸಿದರು, ಕಣದಲ್ಲಿ ಹಾಸಿದರು. ಫ್ಲೆಕ್ಸ್ ಬಂದ ಮೇಲೆ ಬರೆಯುವ ಕೆಲಸವೇ ನಿಂತುಹೋಯಿತು. ಬರೆಯುತ್ತಿದ್ದವರು ಲಾರಿಗಳಿಗೆ ನಂಬರ್ ಬರೆಯಲು ಹೋದರು, ತೇರಿಗೆ ಬಣ್ಣ ಬಳಿಯಲು ಹೋದರು.

ಅವರಲ್ಲಿ ಕೆಲವರು ಇನ್ನೂ ಇದ್ದಾರೆ. ಈ ವರ್ಷವೇ ಯಾರಾದರೂ ಹೋಗಿ ಅವರೆದುರು ಕೂತು, ಚಂದ್ರಮತಿಯ ಸೀರೆಗೆ ನೀವು ಯಾವ ಬಣ್ಣ ಹಚ್ಚಿದಿರಿ, ಯಾಕೆ ಹಚ್ಚಿದಿರಿ ಎಂದು ಕೇಳಿ ಬರೆದುಕೊಳ್ಳಬೇಕು.