ಮಾಮ ಅಂದರೆ ಯಾರು?

ಅಕ್ಕನ ಮಗಳು ಡಾಕ್ಟರಿಕೆ ಓದಲು ಜಾರ್ಜಿಯಾ ದೇಶದ ಟಿಬಿಲಿಸಿಗೆ ಹೋಗಿದ್ದಾಳೆ. ಒಂದು ಸಂಜೆ ವಿಡಿಯೋ ಕಾಲ್ ಮಾಡಿ "ಮಾಮಾ, ಊಟ ಆಯ್ತಾ?" ಎಂದಳು. ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದ ಅಲ್ಲಿನ ಗೆಳತಿ ತಟ್ಟನೆ ನೆಟ್ಟಗಾಗಿ, ಕೂದಲು ಸರಿಮಾಡಿಕೊಂಡು, ನನಗೆ ಬಹಳ ವಿನಯದಿಂದ ತಲೆಬಾಗಿದಳು. ಸೋದರಮಾವನಿಗೆ ಇಷ್ಟೊಂದು ಮರ್ಯಾದೆಯೇ ಎಂದು ನಾನು ಉಬ್ಬುವಷ್ಟರಲ್ಲಿ ಸೊಸೆ ವಿಷಯ ಬಿಡಿಸಿದಳು. ಜಾರ್ಜಿಯನ್ ಭಾಷೆಯಲ್ಲಿ ಮಾಮಾ ಅಂದರೆ ಅಪ್ಪ. ಅಮ್ಮನಿಗೆ ದೇದಾ. ಸುದ್ದಿ ಭಾವನವರಿಗೂ ಮುಟ್ಟಿತು. "ಹಾಗಿದ್ರೆ ಈ ವರ್ಷದ ಫೀಸು ನೀನೇ ಕಟ್ಟಿಬಿಡಯ್ಯ" ಎಂದರು.

ಆ ದೇಶದವರು ದೇದಾ ಎಂಬ ಮಾತನ್ನು ಮನೆಯೊಳಗಷ್ಟೇ ಇಟ್ಟುಕೊಂಡಿಲ್ಲ. ತಾಯ್ನುಡಿ ದೇದಾ ಎನಾ, ರಾಜಧಾನಿ ದೇದಾಕಲಾಕಿ, ಅಂದರೆ ತಾಯಿ ನಗರ. ಯಾಕೋಬ್ ಗೊಗೆಬಾಶ್ವಿಲಿ ಎಂಬ ಮೇಷ್ಟರು 1876ರಲ್ಲಿ ಹೊರತಂದ ಅಕ್ಷರಮಾಲೆಯ ಪುಸ್ತಕದ ಹೆಸರೂ ದೇದಾ ಎನಾ. ಟಿಬಿಲಿಸಿಯ ಗುಡ್ಡದ ಮೇಲೆ 1958ರಲ್ಲಿ ನಿಲ್ಲಿಸಿದ ತಾಯಿಯ ದೊಡ್ಡ ಪ್ರತಿಮೆ ಇದೆ, ಕಾರ್ತ್ಲಿಸ್ ದೇದಾ. ಒಂದು ಕೈಯಲ್ಲಿ ವೈನಿನ ಬಟ್ಟಲು, ಇನ್ನೊಂದರಲ್ಲಿ ಕತ್ತಿ. ನೆಂಟರಿಗೆ ಅದು, ಶತ್ರುಗಳಿಗೆ ಇದು. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಸೌಟು ಹಿಡಿದ ನಮ್ಮಕ್ಕನ ಹಾಗೇ ಕಾಣುತ್ತಾಳೆ.

ಇಂಥ ಅದಲು ಬದಲು ನೋಡಲು ಕಾಕಸಸ್ ಬೆಟ್ಟದವರೆಗೆ ಹೋಗಬೇಕಾಗಿಲ್ಲ, ಶಿರಾಡಿ ಘಾಟಿ ಇಳಿದರೆ ಸಾಕು. ನನ್ನ ಹೆಂಡತಿಯ ತವರು ಪುತ್ತೂರಿನ ಹತ್ತಿರ. ಮದುವೆಯಾದ ಹೊಸತರಲ್ಲಿ ಅವಳ ಅಜ್ಜಿ ಅಡಿಕೆ ಸುಲಿಯುತ್ತಾ, ತಲೆ ಎತ್ತದೆ ನನ್ನನ್ನು ಕೇಳಿದರು: "ಅಮ್ಮೆ ಎಂಚ ಉಲ್ಲೆರ್?" ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಮೊಣಕೈಯಲ್ಲಿ ತಿವಿದು, "ನಿಮ್ಮಪ್ಪ ಹೇಗಿದ್ದಾರೆ ಅಂತ ಕೇಳ್ತಿದ್ದಾರೆ" ಎಂದಳು. ತುಳುವಿನಲ್ಲಿ ಅಮ್ಮೆ ತಂದೆ, ಅಪ್ಪೆ ತಾಯಿ. ಜಾರ್ಜಿಯನ್ ಭಾಷೆಯ ಕುಲವೇ ಬೇರೆ, ಅದು ಹೇಗಿದ್ದರೂ ನಮಗೇನು ಅನ್ನಬಹುದು. ತುಳುವಾದರೋ ಕನ್ನಡದ ಒಡಹುಟ್ಟು. ಒಂದೇ ಮನೆಯಲ್ಲಿ ಬೆಳೆದು ಅಪ್ಪ ಅಮ್ಮಂದಿರ ಹೆಸರನ್ನೇ ಅತ್ತಿತ್ತ ಮಾಡಿಕೊಂಡಿದೆ. ಅಲ್ಲಿ ಸೋದರಮಾವನಿಗೆ ತಮ್ಮಲೆ ಎನ್ನುತ್ತಾರೆ. ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದುಬರುತ್ತಿದ್ದುದರಿಂದ ಈ ತಮ್ಮಲೆಯ ಮಾತಿಗೆ ಅಪ್ಪನ ಮಾತಿಗಿಂತ ತೂಕ ಹೆಚ್ಚು. ಭಾವನವರಿಗೆ ನಾನಿನ್ನೂ ಇದನ್ನು ತಿಳಿಸಿಲ್ಲ.

ಲೋಕದ ತುಂಬ ತಾಯಿಗೆ 'ಮ'ಕಾರವೇ ಏಕೆ ಎಂಬ ಪ್ರಶ್ನೆಯನ್ನು ರೋಮನ್ ಯಾಕೋಬ್ಸನ್ ಎಂಬ ಭಾಷಾವಿಜ್ಞಾನಿ ಎತ್ತಿಕೊಂಡಿದ್ದರು. ಮಾನವಶಾಸ್ತ್ರಜ್ಞ ಮರ್ಡಾಕ್ ಕಲೆಹಾಕಿದ್ದ 1,072 ಪದಗಳು ಅವರ ಮುಂದಿದ್ದವು. ತಾಯಿಯನ್ನು ಕರೆಯುವ ಪದಗಳಲ್ಲಿ ನೂರಕ್ಕೆ 55ರಲ್ಲಿ ಮ, ನ ಮುಂತಾದ ಅನುನಾಸಿಕಗಳು ಸಿಕ್ಕವು. ತಂದೆಯ ಪದಗಳಲ್ಲಿ ನೂರಕ್ಕೆ 15 ಮಾತ್ರ. ಯಾಕೋಬ್ಸನ್ ಕೊಟ್ಟ ಕಾರಣ ಬಲು ಸರಳ. ಮೊಲೆಗೆ ಬಾಯಿ ಇಟ್ಟಾಗ ತುಟಿ ಮುಚ್ಚಿರುತ್ತದೆ, ದನಿ ಹೊರಡುವುದಾದರೆ ಮೂಗಿನಿಂದಲೇ ಹೊರಡಬೇಕು. ಹಾಲು ಕುಡಿಯುತ್ತಾ ಮಾಡಿದ ಈ ಗುನುಗು ಆಮೇಲೆ ಹಾಲು ಬೇಕೆಂಬ ಕೂಗಾಗುತ್ತದೆ, ಕ್ರಮೇಣ ಹಾಲು ಕೊಡುವವಳ ಹೆಸರಾಗುತ್ತದೆ.

ಇದಕ್ಕೆ ಸಾಕ್ಷಿ ಬೇಕಿದ್ದರೆ ಕನ್ನಡದ ಅಡುಗೆಮನೆಗೆ ಬರಬೇಕಿತ್ತು. ಕೂಸನ್ನು ಸೊಂಟಕ್ಕೆ ಏರಿಸಿ, ಬಿಸಿ ಅನ್ನಕ್ಕೆ ತುಪ್ಪ ಹಾಕಿ ನುಣ್ಣಗೆ ಕಿವುಚಿ "ಮಮ್ಮು ತಿನ್ನು ಬಾ" ಎಂದು ಅಂಗಳವೆಲ್ಲ ಸುತ್ತುವ ಅಜ್ಜಿಯರಿಗೆ ಯಾವ ಯಾಕೋಬ್ಸನ್ನೂ ಪಾಠ ಹೇಳಿರಲಿಲ್ಲ. ಇನ್ನು 'ಪ'ಕಾರದ ಕಥೆ ನಮ್ಮಲ್ಲಿ ಇನ್ನೂ ಗೋಜಲು. ಇಟಲಿಯಲ್ಲಿ ಪಾಪಾ ಎಂದರೆ ಪೋಪ್ ಗುರುಗಳು, ನಮ್ಮಲ್ಲಿ ತೊಟ್ಟಿಲಲ್ಲಿರುವ ಮಗು. ಜೊತೆಗೆ ಆ ಗುರುಗಳು ಮನ್ನಿಸಬೇಕಾದ ಪಾಪವೂ ಇದೆ, ಸಂಸ್ಕೃತದಿಂದ ಬಂದದ್ದು. ಜಪಾನೀ ಭಾಷೆಯಲ್ಲಿ ಅಮ್ಮನಿಗಿರುವ 'ಹಹ' ಎಂಬ ಪದ ಬಹಳ ಹಿಂದೆ 'ಪಪ' ಎಂದೇ ಇತ್ತಂತೆ.

ಯಾಕೋಬ್ಸನ್ ಲೆಕ್ಕದ ಹೊರಗೆ ಉಳಿದವರ ಮೇಲೆಯೇ ನನಗೆ ಪ್ರೀತಿ. ಪುತ್ತೂರಿನ ಆ ಮನೆಯಲ್ಲಿ ಈಗಿನ ಮಕ್ಕಳು ಕರೆಯುವುದು ಪಪ್ಪ, ಮಮ್ಮಿ ಎಂದೇ. ಅಪ್ಪೆ, ಅಮ್ಮೆ ಎನ್ನಲು ಬಲ್ಲವರು ಇನ್ನೂ ಇರುವ ಮನೆಗಳವರಲ್ಲಿ ನನ್ನದೊಂದು ಕೋರಿಕೆ: ಮಕ್ಕಳ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಆ ಎರಡು ಮಾತು ಆಡಿಸಿ.