ಲಂಡನ್ ಅಲ್ಲದ ಇಂಗ್ಲೆಂಡಿನಿಂದ – 17: ಮೇಳ ನಿಲ್ಲುವ ಹೊತ್ತು

ಕಳೆದ ಭಾಗದಲ್ಲಿ ಬಾಡಿಗೆ ಮನೆಯ ಬಾಯ್ಲರ್ ಕೆಟ್ಟು ಮೂರು ದಿನ ತಣ್ಣೀರಲ್ಲಿ ಸ್ನಾನ ಮಾಡಿದ ಕಥೆ ಬರೆದಿದ್ದೆ. ಫೋಟೋದಲ್ಲಿ ಬಾಯ್ಲರ್ ಮೇಲೆ ನಮ್ಮ ಊರಿನ ಹೆಸರೇ ಕಾಣುತ್ತಿದೆಯಲ್ಲ ಎಂದು ಇಬ್ಬರು ಮೂವರು ಕೇಳಿದ್ದೀರಿ. ಹೌದು, ಊರಿನ ಹೆಸರೇ. ವೂಸ್ಟರ್. ಬರೆಯುವುದು ಒಂದು ರೀತಿ, ಹೇಳುವುದು ಇನ್ನೊಂದು ರೀತಿ. ಇಲ್ಲಿಗೆ ಬರುವ ಹೊಸಬರ ನಾಲಿಗೆಗೆ ಅದೇ ಮೊದಲ ಪರೀಕ್ಷೆ.

ಆ ಬಾಯ್ಲರ್ ಕಂಪನಿಯನ್ನು 1962ರಲ್ಲಿ ಶುರು ಮಾಡಿದವರು ಸೆಸಿಲ್ ಡಕ್‌ವರ್ತ್ ಎನ್ನುವವರು. ಆಮೇಲೆ ಅದನ್ನು ಬಾಷ್ ಕಂಪನಿ ಕೊಂಡಿತು. ಬಾಯ್ಲರಿನಿಂದ ಬಂದ ದುಡ್ಡಿನಲ್ಲಿ ಅವರು ದೊಡ್ಡ ಪಾಲು ಹಾಕಿದ್ದು ಊರಿನ ರಗ್ಬಿ ತಂಡಕ್ಕೆ. 1871ರಲ್ಲಿ ಹುಟ್ಟಿದ ಹಳೇ ಕ್ಲಬ್ ಅದು. 1990ರ ದಶಕದಲ್ಲಿ ಕೆಳಗಿನ ದರ್ಜೆಯಲ್ಲೆಲ್ಲೋ ಆಡಿಕೊಂಡಿತ್ತು. ಇವರು ಕೈಹಿಡಿದ ಮೇಲೆ ಮೇಲೆ ಮೇಲೆ ಬಂದು, 2003-04ರಲ್ಲಿ ಲೀಗಿನ 26 ಪಂದ್ಯಗಳಲ್ಲಿ 26ನ್ನೂ ಗೆದ್ದು, ದೇಶದ ಅತಿ ಮೇಲಿನ ಲೀಗ್ ಪ್ರೀಮಿಯರ್‌ಶಿಪ್‌ಗೆ ಹೋಯಿತು. ವೂಸ್ಟರ್ ವಾರಿಯರ್ಸ್. ಎಂ5 ಹೆದ್ದಾರಿಯ 6ನೇ ಜಂಕ್ಷನ್ ಪಕ್ಕದಲ್ಲೇ ಸಿಕ್ಸ್‌ವೇಸ್ ಎಂಬ ಅವರ ಮೈದಾನ. ಇದರ ಬಗ್ಗೆ ಒಂದು ಭಾಗ ಬರೆಯಬೇಕು ಎಂದು ಮೂರು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ಬಾಯ್ಲರ್ ನೆಪ ಸಿಕ್ಕಿತು.

ನಾನು ಕುಂದಾಪುರ ಕಡೆಯವಳು. ಡಕ್‌ವರ್ತ್ ಅವರನ್ನು ಇಂಗ್ಲಿಷಿನಲ್ಲಿ ಓನರ್, ಬೆನಿಫ್ಯಾಕ್ಟರ್ ಎಂದೆಲ್ಲ ಬರೆಯುತ್ತಾರೆ, ನನಗೆ ಮಾತ್ರ ಮೊದಲು ನೆನಪಾದದ್ದು ಮೇಳದ ಯಜಮಾನರು. ಟಿಕೆಟ್ ಇಟ್ಟು ಆಡುವ ಡೇರೆ ಮೇಳ ನಡೆಸುವುದು ಅಂದರೆ ಲಾಭದ ಬಾಬ್ತಲ್ಲ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕಲಾವಿದರ ಸಂಬಳ, ಲಾರಿ, ಡೇರೆ, ಮಳೆ ಬಂದು ನಿಂತ ಆಟ, ಎಲ್ಲ ಯಜಮಾನರ ತಲೆ ಮೇಲೆ. ತೋಟ ಅಡವಿಟ್ಟು ತಿರುಗಾಟ ಮುಗಿಸಿದವರ ಕಥೆ ಕೇಳಿಯೇ ಬೆಳೆದವರು ನಾವು. ರಗ್ಬಿಯೂ ಇಲ್ಲಿ ಹಾಗೆಯೇ. ಟಿಕೆಟ್, ಟಿವಿ ಹಣ, ಬಿಯರ್ ಮಾರಾಟ ಎಲ್ಲ ಕೂಡಿದರೂ ಖರ್ಚು ಗಿಟ್ಟುವುದಿಲ್ಲ. ಆಟಗಾರರ ಸಂಬಳಕ್ಕೆ ಮಿತಿ ಇದೆ, ಆಗ ಒಂದು ತಂಡಕ್ಕೆ ವರ್ಷಕ್ಕೆ 50 ಲಕ್ಷ ಪೌಂಡ್. ಆ ಮಿತಿಯಲ್ಲಿ ನಡೆಸಿದರೂ ನಷ್ಟ. ಯಾರೋ ಒಬ್ಬ ಸಿರಿವಂತರು ಪ್ರತಿವರ್ಷ ಜೇಬಿಗೆ ಕೈ ಹಾಕಿದರೆ ತಂಡ, ಇಲ್ಲದಿದ್ದರೆ ಇಲ್ಲ. ಡಕ್‌ವರ್ತ್ 2020ರ ನವೆಂಬರ್‌ನಲ್ಲಿ ತೀರಿಕೊಂಡರು. ಅಷ್ಟರಲ್ಲಾಗಲೇ ಕ್ಲಬ್ ಬೇರೆಯವರ ಕೈಗೆ ಹೋಗಿತ್ತು.

ನನಗೆ ರಗ್ಬಿ ತೋರಿಸಿದ್ದು ನಮ್ಮ ವಾರ್ಡಿನ ಹೆಲ್ತ್‌ಕೇರ್ ಅಸಿಸ್ಟೆಂಟ್ ಒಬ್ಬರು. ಅರವತ್ತು ದಾಟಿದವರು. ಹೆಸರು ಬರೆಯುವುದಿಲ್ಲ, ಇಲ್ಲಿ ದೊಡ್ಡಕ್ಕ ಎಂದೇ ಕರೆಯುತ್ತೇನೆ. ದೊಡ್ಡಕ್ಕನ ಬಳಿ ಎರಡು ಸೀಸನ್ ಟಿಕೆಟ್ ಇತ್ತು, ಒಂದು ತಮ್ಮದು, ಇನ್ನೊಂದು ಕೋವಿಡ್ ವರ್ಷದಲ್ಲಿ ಹೋದ ಗಂಡನದ್ದು. ಅದನ್ನೂ ಪ್ರತಿವರ್ಷ ದುಡ್ಡು ಕಟ್ಟಿ ರಿನ್ಯೂ ಮಾಡಿಸುತ್ತಿದ್ದರು. ಖಾಲಿ ಕುರ್ಚಿಗೆ ಯಾರಾದರೂ ಅಪರಿಚಿತರು ಬಂದು ಕೂರುವುದಕ್ಕಿಂತ ನೀನೇ ಬಾ ಎಂದು 2022ರ ವಸಂತದಲ್ಲಿ ನನ್ನನ್ನು ಕರೆದುಕೊಂಡು ಹೋದರು. ಆಟ ಅರ್ಥವಾಗಲು ನನಗೆ ನಾಲ್ಕು ಪಂದ್ಯ ಬೇಕಾಯಿತು. ಚೆಂಡನ್ನು ಕೈಯಿಂದ ಹಿಂದಕ್ಕೆ ಮಾತ್ರ ಎಸೆಯಬಹುದು, ತಂಡ ಮಾತ್ರ ಮುಂದೆ ಹೋಗಬೇಕು. ನಡುವೆ ಎಂಟೆಂಟು ಜನ ತಲೆ ತಗ್ಗಿಸಿ ಎತ್ತುಗಳ ಹಾಗೆ ತಳ್ಳಾಡುತ್ತಾರೆ. ವಿಡಿಯೋ ಕಾಲಿನಲ್ಲಿ ನೋಡಿದ ಅಮ್ಮ, "ಎಂತಾ ಆಟವೇ ಅದ್, ಒಬ್ರ್ ಮೇಲ್ ಒಬ್ರ್ ಬೀಳೂದ್?" ಅಂದರು. ನಾನಂತೂ ಮೊದಲ ದಿನ ಪೂರ್ತಿ ಕಾಲರ್ ಬೋನ್ ಎಣಿಸಿಕೊಂಡೇ ಕೂತಿದ್ದೆ.

ಆ ವರ್ಷ ಮೇ ತಿಂಗಳಲ್ಲಿ ವಾರಿಯರ್ಸ್ ಪ್ರೀಮಿಯರ್‌ಶಿಪ್ ಕಪ್ ಗೆದ್ದರು. ಫೈನಲ್‌ನಲ್ಲಿ ಲಂಡನ್ ಐರಿಷ್ ಜೊತೆ ಹೆಚ್ಚುವರಿ ಸಮಯ ಮುಗಿದಾಗಲೂ 25-25 ಸಮ. ಹೆಚ್ಚು ಟ್ರೈ ಹೊಡೆದ ಲೆಕ್ಕದಲ್ಲಿ ಕಪ್ ಇವರಿಗೆ. ಮರುದಿನ ಬೆಳಗ್ಗೆ ದೊಡ್ಡಕ್ಕ ಹ್ಯಾಂಡೋವರ್‌ಗೆ ದನಿ ಬಿದ್ದುಹೋಗಿ ಬಂದಿದ್ದರು. ಪಿಸುಮಾತಿನಲ್ಲೇ ಎಲ್ಲರಿಗೂ ಸ್ಕೋರ್ ಹೇಳಿದರು.

ಅದಾಗಿ ನಾಲ್ಕು ತಿಂಗಳಿಗೆ ಬಾಗಿಲು ಹಾಕಿತು.

ಆಗಸ್ಟ್‌ನಲ್ಲಿ ಸುದ್ದಿ ಶುರುವಾಯಿತು. ತೆರಿಗೆ ಇಲಾಖೆಗೆ ಸುಮಾರು 60 ಲಕ್ಷ ಪೌಂಡ್ ಬಾಕಿ, ಇಲಾಖೆ ಕೋರ್ಟಿಗೆ ಹೋಗಿದೆ. ತಿಂಗಳ ಕೊನೆಯಲ್ಲಿ ಸಂಬಳ ಸರಿಯಾಗಿ ಬರಲಿಲ್ಲ. ಒಟ್ಟು ಸಾಲ 2.5 ಕೋಟಿ ಪೌಂಡ್ ದಾಟಿದೆ, ಅದರಲ್ಲಿ ಒಂದು ಕೋಟಿಗಿಂತ ಹೆಚ್ಚು ಕೋವಿಡ್ ಸಮಯದಲ್ಲಿ ಸರ್ಕಾರ ಕೊಟ್ಟದ್ದು. ದೊಡ್ಡಕ್ಕ ಬ್ರೇಕಿನಲ್ಲಿ ಪೇಪರ್ ಬಿಡಿಸಿಟ್ಟು ನನ್ನನ್ನು ಕೇಳುತ್ತಿದ್ದರು, ಈ ಕಂಪನಿ ಯಾವುದು, ಆ ಕಂಪನಿ ಯಾವುದು ಎಂದು. ನನಗೆ ಹೇಗೆ ಗೊತ್ತಾಗಬೇಕು? ಓದುತ್ತಾ ಹೋದ ಹಾಗೆ ಇಷ್ಟು ತಿಳಿಯಿತು: ನಮ್ಮ ಕಣ್ಣಿಗೆ ಅದು ಒಂದೇ ತಂಡ, ಕಾಗದದ ಮೇಲೆ ಹಲವು ಕಂಪನಿ. ಕ್ಲಬ್ ನಡೆಸುವುದು ಒಂದು, ಆಟಗಾರರ ಕಾಂಟ್ರ್ಯಾಕ್ಟ್ ಇರುವುದು ಇನ್ನೊಂದರಲ್ಲಿ, ಮೈದಾನದ ಸುತ್ತಲ ಜಮೀನು ಮತ್ತೊಂದರಲ್ಲಿ. ಹೆದ್ದಾರಿ ಪಕ್ಕದ ಜಮೀನಿಗೆ ಬೆಲೆ ಇದೆ. ಆಟಕ್ಕೆ ಇಲ್ಲ.

ಸೆಪ್ಟೆಂಬರ್ 18ರಂದು ಎಕ್ಸೆಟರ್ ವಿರುದ್ಧದ ಪಂದ್ಯ ನಡೆಯುತ್ತದೋ ಇಲ್ಲವೋ ಎಂದು ಕೊನೇ ಗಳಿಗೆವರೆಗೆ ಗೊತ್ತಿರಲಿಲ್ಲ. ಸುರಕ್ಷತೆಗೆ ಬೇಕಾದಷ್ಟು ಸಿಬ್ಬಂದಿ ಇಲ್ಲ ಎಂದು, ಸುಮಾರು 12,000 ಜನ ಹಿಡಿಯುವ ಮೈದಾನಕ್ಕೆ 4,999 ಜನರಿಗಷ್ಟೇ ಅನುಮತಿ ಕೊಟ್ಟರು. ಸಂಬಳ ಅರೆಬರೆ ಬಂದವರೂ ಕೆಲಸಕ್ಕೆ ಬಂದರು, ಅಭಿಮಾನಿಗಳು ಬಿಟ್ಟಿ ದುಡಿದು ಕೈಜೋಡಿಸಿದರು. ಊರ ಜಾತ್ರೆಗೆ ಕೈಹಾಕುವ ಹಾಗೆ. ಇದನ್ನು ಬಹಳ ಜನ ಹೊಗಳಿ ಬರೆದರು. ನನಗೆ ಹೊಗಳಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಪ್ರೀತಿ ಇರುವವರು ಹೇಗೂ ಬರುತ್ತಾರೆ ಎಂದು ಗೊತ್ತಿರುವ ಕಡೆ ಯಾವಾಗಲೂ ಹೀಗೇ ಆಗುವುದು. ಸ್ಟಾಫ್ ಕಡಿಮೆ ಇರುವ ರಾತ್ರಿ ಡ್ಯೂಟಿ ಮಾಡಿದ ಯಾವ ನರ್ಸನ್ನಾದರೂ ಕೇಳಿ ನೋಡಿ.

24ರಂದು ನ್ಯೂಕ್ಯಾಸಲ್ ಜೊತೆ ಪಂದ್ಯ. ನಾನು ರಜೆ ಹಾಕಿ ಹೋದೆ. ಅಂದು ವಾರಿಯರ್ಸ್ ಆಡಿದ ಆಟ ಈಗಲೂ ಕಣ್ಣಲ್ಲಿದೆ. 39-5. ಸಂಬಳ ಬರುತ್ತದೋ ಇಲ್ಲವೋ ಗೊತ್ತಿಲ್ಲದವರು, ಮೈಮುರಿದರೆ ನೋಡುವವರು ಯಾರು ಎಂದು ಗೊತ್ತಿಲ್ಲದವರು ಹಾಗೆ ಮೈಮೇಲೆ ಬಿದ್ದು ಆಡಿದರು. ಪಂದ್ಯ ಮುಗಿದರೂ ಜನ ಏಳಲಿಲ್ಲ. ಆಟಗಾರರು ಮೈದಾನದ ಸುತ್ತ ನಡೆದು ಬಂದು ಕೈಹಿಡಿದರು, ಕೆಲವರ ಮಕ್ಕಳು ಹುಲ್ಲಿನ ಮೇಲೆ ಓಡಾಡುತ್ತಿದ್ದವು. ದೊಡ್ಡಕ್ಕ ಅಳಲಿಲ್ಲ. ಪಕ್ಕದ ಸಾಲಿನವರ ಫೋನ್ ನಂಬರ್ ಬರೆದುಕೊಂಡರು. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತವರಂತೆ, ಒಬ್ಬರ ನಂಬರ್ ಇನ್ನೊಬ್ಬರ ಬಳಿ ಇರಲಿಲ್ಲ. ಇರಬೇಕಾದ ಅಗತ್ಯವೂ ಬಂದಿರಲಿಲ್ಲ, ಶನಿವಾರ ಸಿಗುತ್ತಿದ್ದರಲ್ಲ.

ಸೋಮವಾರ ಸಂಜೆ 5 ಗಂಟೆಗೆ ಗಡುವು. ವಿಮೆ ಇದೆ, ಸಂಬಳಕ್ಕೆ ಹಣ ಇದೆ, ಮುಂದಕ್ಕೆ ನಂಬುವಂಥ ಯೋಜನೆ ಇದೆ ಎಂದು ಕ್ಲಬ್ಬು ರಗ್ಬಿ ಯೂನಿಯನ್‌ಗೆ ತೋರಿಸಬೇಕಿತ್ತು. ನಾನು ಲೇಟ್ ಶಿಫ್ಟ್‌ನಲ್ಲಿದ್ದೆ. ಸೊಂಟದ ಆಪರೇಷನ್ ಆಗಿದ್ದ ಒಬ್ಬ ಅಜ್ಜ (ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ) ಹತ್ತು ನಿಮಿಷಕ್ಕೊಮ್ಮೆ ಬೆಲ್ ಒತ್ತಿ ಗಂಟೆ ಎಷ್ಟು ಎಂದು ಕೇಳುತ್ತಿದ್ದರು. ನೋವಿನ ಮಾತ್ರೆಗೆ ಹೊತ್ತು ನೋಡುತ್ತಿದ್ದಾರೇನೋ ಎಂದು ಚಾರ್ಟ್ ತೆಗೆದೆ. ಅವರು ತಲೆ ಅಲ್ಲಾಡಿಸಿ ದಿಂಬಿನ ಪಕ್ಕದ ಸಣ್ಣ ರೇಡಿಯೋ ತೋರಿಸಿದರು. ಗಡುವು ಮುಗಿಯಿತು, ತಂಡವನ್ನು ಎಲ್ಲ ಸ್ಪರ್ಧೆಗಳಿಂದ ಅಮಾನತು ಮಾಡಿದ್ದಾರೆ ಎಂದು ಸುದ್ದಿ ಬಂತು. ಅಜ್ಜ ರೇಡಿಯೋ ಆರಿಸಿ, ಒಂದು ಟೀ ಸಿಗುತ್ತದಾ ಲವ್ ಎಂದು ಕೇಳಿದರು. ತಂದು ಕೊಟ್ಟೆ. ಕುಡಿಯಲಿಲ್ಲ.

ಅಕ್ಟೋಬರ್ 5ರಂದು ಹೈಕೋರ್ಟ್ ಆಟಗಾರರ ಕಂಪನಿಯನ್ನು ಮುಚ್ಚಿಸಿತು. ಆ ಕಂಪನಿಯಲ್ಲಿದ್ದವರ ಕಾಂಟ್ರ್ಯಾಕ್ಟ್ ಎಲ್ಲ ಅಂದೇ ರದ್ದು. ನಾನು ಈ ಸುದ್ದಿ ಓದಿದ್ದು ಅಭಿಮಾನಿಯಾಗಿ ಅಲ್ಲ, ಸ್ಪಾನ್ಸರ್‌ಶಿಪ್ ವೀಸಾದವಳಾಗಿ. ನನ್ನಂಥವರಿಗೆ ಕೆಲಸ ಹೋದರೆ ಹೊಸ ಸ್ಪಾನ್ಸರ್ ಹುಡುಕಲು ಸಾಮಾನ್ಯವಾಗಿ 60 ದಿನ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ದೂರ ದೇಶಗಳಿಂದ ಬಂದ ಆಟಗಾರರೂ ಅದೇ ದೋಣಿಯವರು. ಆರೂವರೆ ಅಡಿ ಎತ್ತರ, ನೂರಿಪ್ಪತ್ತು ಕಿಲೋ ತೂಕ, ಆದರೂ ಹೋಮ್ ಆಫೀಸ್ ಪತ್ರದ ಮುಂದೆ ನನ್ನಷ್ಟೇ ಗಾತ್ರ. ಕ್ಯಾಪ್ಟನ್ ಟೆಡ್ ಹಿಲ್, ಆಲಿ ಲಾರೆನ್ಸ್ ಥರದವರು ಬಾತ್ ತಂಡಕ್ಕೆ ಹೋದರು, ಅವರನ್ನು ಯಾರೂ ಕೈಬಿಡುತ್ತಿರಲಿಲ್ಲ. ಅಡುಗೆಮನೆಯವರು, ಟಿಕೆಟ್ ಕೌಂಟರಿನವರು, ಹುಲ್ಲು ಕತ್ತರಿಸುವವರ ಹೆಸರು ಯಾವ ಪೇಪರಿನಲ್ಲೂ ಬರಲಿಲ್ಲ.

ಮರುದಿನ, ಅಕ್ಟೋಬರ್ 6ರಂದು, ನಮ್ಮ ಆರ್‌ಸಿಎನ್ ಮುಷ್ಕರದ ಮತದಾನ ಶುರುವಾಯಿತು. ಸ್ಟಾಫ್ ರೂಮಿನಲ್ಲಿ ಎರಡೂ ಮಾತು ಒಟ್ಟಿಗೆ ಬಂದು ಬಿಸಿಯಾಯಿತು. ಒಬ್ಬಳು ಹೇಳಿಯೇಬಿಟ್ಟಳು, ಆಟಕ್ಕೆ ಕೋಟಿಗಟ್ಟಲೆ ಸಾಲ ಕೊಡುವ ಸರ್ಕಾರಕ್ಕೆ ನಮಗೆ ಕೊಡಲು ಕಾಸಿಲ್ಲ, ಮುಚ್ಚಿದರೆ ಮುಚ್ಚಲಿ ಬಿಡಿ ಎಂದು. ಅವಳ ಮಾತಿನಲ್ಲಿ ಸತ್ಯ ಇತ್ತು, ಮತಪತ್ರ ತುಂಬಿದವಳು ನಾನೂ ಹೌದು. ದೊಡ್ಡಕ್ಕ ಉತ್ತರ ಕೊಡಲಿಲ್ಲ, ತಮ್ಮ ಕಪ್ ತೊಳೆದಿಟ್ಟು ಎದ್ದು ಹೋದರು. ಮಕ್ಕಳ ಹಾಸ್ಪೈಸ್ ಕಟ್ಟಲು ಊರೆಲ್ಲ ಹಣ ಕೂಡಿಸಿದಾಗ ಮುಂದೆ ನಿಂತವರು ಅದೇ ಡಕ್‌ವರ್ತ್ ಎಂದು ಆ ಹುಡುಗಿಗೆ ಹೇಳಬೇಕು ಅನ್ನಿಸಿತು. ಹೇಳಿದರೆ ಅದು ವಾದವಾಗುತ್ತಿತ್ತು, ಅಷ್ಟೇ.

ಸೀಸನ್ ಟಿಕೆಟ್ ಹಣದ ವಿಷಯ. ಕ್ಲಬ್ ದಿವಾಳಿಯಾದರೆ ಅಭಿಮಾನಿ ಸಾಲಗಾರರ ಸಾಲಿನಲ್ಲಿ ಕಟ್ಟಕಡೆಗೆ ನಿಲ್ಲುತ್ತಾನೆ. ಆದರೆ ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿಗೆ ಬರೆದು ವಾಪಸ್ ಕೇಳಬಹುದು, ಚಾರ್ಜ್‌ಬ್ಯಾಕ್ ಎನ್ನುತ್ತಾರೆ. (ಇಲ್ಲಿರುವವರು ಇದನ್ನು ತಿಳಿದಿಟ್ಟುಕೊಳ್ಳಿ, ವಿಮಾನ ಕಂಪನಿ ಮುಳುಗಿದಾಗಲೂ ಉಪಯೋಗಕ್ಕೆ ಬರುತ್ತದೆ.) ಇಬ್ಬರೂ ಕೂತು ಫಾರ್ಮ್ ತುಂಬಿದೆವು. ದೊಡ್ಡಕ್ಕನ ಟಿಕೆಟಿನ ಹಣ ಬಂತು. ಗಂಡನ ಟಿಕೆಟಿಗೆ ಮಾತ್ರ ಫಾರ್ಮ್ ಹಾಕಲು ಒಪ್ಪಲಿಲ್ಲ. ನಾನು ಬಿಡಲಿಲ್ಲ, ದುಡ್ಡು ದುಡ್ಡೇ ಅಲ್ಲವಾ ಎಂದೆ. "ಆ ಕುರ್ಚಿ ಅವನದು, ಬೇಕಿದ್ದರೆ ಅವನೇ ಕೇಳಿಕೊಳ್ಳಲಿ" ಎಂದು ನಕ್ಕರು.

ಅಂದು ನನಗೆ ನಮ್ಮ ಸೋದರಮಾವ ನೆನಪಾದರು. ಅವರು ಮೆಚ್ಚಿದ ಡೇರೆ ಮೇಳ ನಿಂತ ವರ್ಷ ನಾನು ಇನ್ನೂ ಶಾಲೆಯಲ್ಲಿದ್ದೆ. ಆಟ ನೋಡಬೇಕಾದರೆ ಬೇರೆ ಮೇಳ ಇತ್ತು, ಹರಕೆ ಆಟ ಇತ್ತು, ಕ್ಯಾಸೆಟ್ ಇತ್ತು. ಮಾವ ಹೋಗಲಿಲ್ಲ. ಅವರಿಗೆ ಬೇಕಿದ್ದುದು ಆಟ ಮಾತ್ರ ಅಲ್ಲ, ಆ ಮೇಳ, ಆ ಭಾಗವತರು, ಚೌಕಿಗೆ ಹೋಗಿ ಹೆಸರು ಹಿಡಿದು ಮಾತಾಡಿಸುವ ಸಲಿಗೆ, ಬೆಳಗಿನ ಜಾವ ಜೊತೆಗೆ ನಡೆದು ಬರುವ ನಾಲ್ಕು ಜನ. ಬೇರೆ ಮೇಳ ನೋಡಬಹುದಲ್ಲ ಎಂದವರಿಗೆ ಸುಮ್ಮನೆ ಎಲೆಅಡಿಕೆ ತಟ್ಟೆ ಮುಂದೆ ತಳ್ಳುತ್ತಿದ್ದರು. ಇಲ್ಲಿಯೂ ಹಾಗೇ ಹೇಳಿದವರಿದ್ದರು, ಗ್ಲಾಸ್ಟರ್ ಅರ್ಧ ಗಂಟೆ ದಾರಿ, ಅಲ್ಲಿ ಹೋಗಿ ನೋಡಿ ಎಂದು. ಗ್ಲಾಸ್ಟರ್ ಅಂದರೆ ವೂಸ್ಟರಿನವರಿಗೆ ಎದುರಾಳಿ ಮೇಳ. ಇನ್ನು ಹೇಳಬೇಕೇ.

ಮೂರೇ ವಾರದಲ್ಲಿ ಕವೆಂಟ್ರಿಯಲ್ಲಿ ಆಡುತ್ತಿದ್ದ ವಾಸ್ಪ್ಸ್ ತಂಡವೂ ಮುಳುಗಿತು. ಮುಂದಿನ ಜೂನ್‌ನಲ್ಲಿ ಲಂಡನ್ ಐರಿಷ್, ಅದೇ ಕಪ್ ಫೈನಲ್‌ನಲ್ಲಿ ಸಮ ಆಡಿ ಸೋತವರು. 13 ತಂಡಗಳ ಲೀಗ್ 10ಕ್ಕೆ ಇಳಿಯಿತು. ಆ ಫೈನಲ್ ಆಡಿದ ಎರಡೂ ತಂಡ 13 ತಿಂಗಳೊಳಗೆ ಇಲ್ಲವಾದವು ಎನ್ನುವುದನ್ನು ನಾನು ಈಗಲೂ ಬೆರಳು ಮಡಿಸಿ ಎಣಿಸುತ್ತೇನೆ.

ಶನಿವಾರ ಖಾಲಿಯಾದ ಮೇಲೆ ದೊಡ್ಡಕ್ಕ ಬ್ಯಾಂಕ್ ಶಿಫ್ಟ್ ತೆಗೆದುಕೊಳ್ಳತೊಡಗಿದರು. ಮ್ಯಾನೇಜರ್‌ಗೆ ಖುಷಿಯೋ ಖುಷಿ. ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಬಸ್ಸಿನಲ್ಲಿ ಸಿಕ್ಸ್‌ವೇಸ್ ದಾಟುವಾಗ ಅವರು ಕಿಟಕಿ ಕಡೆ ತಿರುಗದೆ ಮೊಬೈಲ್ ನೋಡುತ್ತಾ ಕೂತಿದ್ದರು. ಆ ಮೊಬೈಲ್ ಚಾರ್ಜ್ ಇಲ್ಲದೆ ಆಫ್ ಆಗಿ ಅರ್ಧ ಗಂಟೆ ಆಗಿತ್ತು. ಪಕ್ಕದ ಸಾಲಿನವರಲ್ಲಿ ಒಬ್ಬರು ತೀರಿಕೊಂಡಾಗ, ಬರೆದುಕೊಂಡ ನಂಬರಿನಿಂದಲೇ ಸುದ್ದಿ ಬಂತು. ಮಣ್ಣಿಗೆ ಕ್ಲಬ್ಬಿನ ಶಾಲು ಹೊದ್ದು ಹೋದವರು ಹನ್ನೊಂದು ಜನ.

2025ರ ಶರತ್ಕಾಲದಲ್ಲಿ ತಂಡ ವಾಪಸ್ ಬಂದಿದೆ. ಹೊಸ ಮಾಲೀಕರು, ಹೊಸ ಆಟಗಾರರು, ಒಂದು ದರ್ಜೆ ಕೆಳಗೆ ಚಾಂಪಿಯನ್‌ಶಿಪ್‌ನಲ್ಲಿ. ಎಷ್ಟು ದಿನ ಎಂದು ನಾನು ಕೇಳುವುದಿಲ್ಲ. ಹೊಸ ಯಜಮಾನರ ಜೇಬೂ ಜೇಬೇ. ದೊಡ್ಡಕ್ಕನೂ ಕೇಳುವುದಿಲ್ಲ. ಎರಡು ಸೀಸನ್ ಟಿಕೆಟ್ ತೆಗೆದಿದ್ದಾರೆ, ಈ ಸಲ ಎರಡೂ ಕಾರ್ಡಿನಲ್ಲಿ. ನನ್ನ ಮುಂದಿನ ತಿಂಗಳ ರೋಸ್ಟರ್ ಬಂದಿದೆ. ಎರಡು ಶನಿವಾರ ರಜೆ ಕೇಳಿದ್ದೆ, ಒಂದು ಸಿಕ್ಕಿದೆ.

ಓಸ್ಕಿ ಪರೀಕ್ಷೆ ಬಗ್ಗೆ ಮೆಸೇಜ್ ಮಾಡಿದವರಿಗೆ ಮುಂದಿನ ಭಾಗದಲ್ಲಿ ಬರೆಯುತ್ತೇನೆ, ಸ್ವಲ್ಪ ತಡವಾದರೆ ಬೈಯಬೇಡಿ. ಈ ವಾರ ಮೂರು ನೈಟ್ ಇದೆ.